ಡ್ಯೂಸೆಲ್‌ಡಾರ್ಫ್, ಮೇ 1853: ಒಂದು ಕನ್ಚೆರ್ಟೊ, ಒಂದು ಸಿಂಫನಿ, ಮತ್ತು ಬೀಗದೊಳಗೆ ಉಳಿದ ಮೂರನೆಯದು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿಗೆ ಇವತ್ತು ಹೆಚ್ಚುಕಡಿಮೆ ಒಂದೇ ಅಚ್ಚು. ವಾದ್ಯವೃಂದದ ಪೀಠಿಕೆಯಾಗಿ ಹತ್ತು ನಿಮಿಷದ ಓವರ್ಚರ್, ಆಮೇಲೆ ಒಬ್ಬ ಏಕವಾದಕ ವೃಂದದೊಂದಿಗೆ ನುಡಿಸುವ ಕನ್ಚೆರ್ಟೊ, ವಿರಾಮ, ಕೊನೆಗೆ ಇಡೀ ವೃಂದಕ್ಕೆಂದು ಹಲವು ಭಾಗಗಳಲ್ಲಿ ಬರೆದ ಸಿಂಫನಿ. ಮೊದಲರ್ಧದಲ್ಲಿ ಬೀಥೋವನ್‌ನ ಪಿಟೀಲು ಕನ್ಚೆರ್ಟೊ, ಎರಡನೆಯ ಅರ್ಧದಲ್ಲಿ ಶೂಮನ್‌ನದೋ ಬ್ರಾಮ್ಸ್‌ನದೋ ಸಿಂಫನಿ ಎಂದು ಪ್ರಕಟಿಸಿಬಿಟ್ಟರೆ ವ್ಯವಸ್ಥಾಪಕರಿಗೂ ನಿಶ್ಚಿಂತೆ. ಕೇಳಿ ಕೇಳಿ ಪಳಗಿದ ಈ ಜೋಡಿ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಕೆಡಿಸಿದ ಒಂದು ಸಂದರ್ಭವಿದೆ. 1853ರ ಮೇ 15ರಿಂದ 17ರವರೆಗೆ, ರೈನ್ ನದಿಯ ದಂಡೆಯ ಡ್ಯೂಸೆಲ್‌ಡಾರ್ಫ್ ಪಟ್ಟಣದಲ್ಲಿ. ಅಲ್ಲಿನ ಸಂಗೀತೋತ್ಸವದ ಮೊದಲ ದಿನ ಜರ್ಮನ್ ಸಂಯೋಜಕ ರಾಬರ್ಟ್ ಶೂಮನ್‌ನ ಡಿ ಮೈನರ್ ಸಿಂಫನಿ, ಮೂರನೆಯ ದಿನ ಬೀಥೋವನ್‌ನ ಡಿ ಮೇಜರ್ ಪಿಟೀಲು ಕನ್ಚೆರ್ಟೊ (ಡಿ ಎಂಬುದು ಆಧಾರಸ್ವರ; ಮೈನರ್, ಮೇಜರ್ ಅದರ ಮೇಲೆ ಕಟ್ಟಿದ ಎರಡು ಬಗೆಯ ಸ್ವರಶ್ರೇಣಿ). ಕಾಗದದ ಮೇಲೆ ಸಿಂಫನಿ ಹೊಸದು, ಕನ್ಚೆರ್ಟೊ 47 ವರ್ಷ ಹಳೆಯದು. ಕೇಳಿದವರ ಕಿವಿಗೆ ಈ ಲೆಕ್ಕ ತಿರುವುಮುರುವಾಯಿತು. ಅದರಿಂದ ಮತ್ತೊಂದು ಕನ್ಚೆರ್ಟೊ ಹುಟ್ಟಿತು. ಅದು ಸಾರ್ವಜನಿಕರ ಕಿವಿಗೆ ಬೀಳಲು 84 ವರ್ಷ ಬೇಕಾಯಿತು.

ಊರು, ಉತ್ಸವ, ಕೆಲಸ

ಲೋವರ್ ರೈನ್ ಸಂಗೀತೋತ್ಸವ 1818ರಲ್ಲಿ ಶುರುವಾದದ್ದು. ಕ್ರೈಸ್ತರ ಪೆಂತೆಕೋಸ್ತ್ ಹಬ್ಬದ ರಜೆಯಲ್ಲಿ ಸುತ್ತಲಿನ ಊರುಗಳ ಹವ್ಯಾಸಿ ಗಾಯಕರು, ವಾದಕರು ಒಂದೆಡೆ ಸೇರಿ, ಒಂದೊಂದು ಊರಿನಿಂದ ಆಗದ ದೊಡ್ಡ ಕೃತಿಗಳನ್ನು ಒಟ್ಟಾಗಿ ಹಾಡಿ ನುಡಿಸುವ ಏರ್ಪಾಟು. ಡ್ಯೂಸೆಲ್‌ಡಾರ್ಫ್, ಕಲೋನ್, ಆಖೆನ್ ನಗರಗಳು ಸರದಿಯಂತೆ ಆತಿಥ್ಯ ವಹಿಸುತ್ತಿದ್ದವು. ಡ್ಯೂಸೆಲ್‌ಡಾರ್ಫ್‌ಗೆ ಇದರಲ್ಲಿ ಒಂದು ಹೆಮ್ಮೆಯ ನೆನಪಿತ್ತು: ಮೆಂಡೆಲ್ಸನ್ ಇದೇ ಊರಿನ ಸಂಗೀತ ನಿರ್ದೇಶಕನಾಗಿದ್ದ, ಅವನ 'ಸೇಂಟ್ ಪಾಲ್' ಓರಟೋರಿಯೊ (ಗಾಯಕರು, ವೃಂದ ಸೇರಿ ಹಾಡುವ ಧಾರ್ಮಿಕ ಕಥನ) 1836ರಲ್ಲಿ ಇದೇ ಉತ್ಸವದಲ್ಲಿ ಮೊದಲ ಸಲ ಕೇಳಿಸಿತ್ತು.

ಆ ಕುರ್ಚಿಗೆ 1850ರ ಸೆಪ್ಟೆಂಬರಿನಲ್ಲಿ ಬಂದವನು ಶೂಮನ್. ಬಂದ ಹೊಸದರಲ್ಲಿ ಎಲ್ಲವೂ ಚೆನ್ನಾಗಿತ್ತು. ಕೆಲವೇ ತಿಂಗಳಲ್ಲಿ 'ರೈನಿಷ್' ಸಿಂಫನಿ ಬರೆದ, 1851ರ ಫೆಬ್ರವರಿಯಲ್ಲಿ ಊರಿನವರ ಎದುರಿಗೇ ನುಡಿಸಿದ. ಆದರೆ ಸಂಗೀತ ಬರೆಯುವುದು ಬೇರೆ, ನೂರಾರು ಜನರನ್ನು ಕೋಲಿನ ತುದಿಯಲ್ಲಿ ನಡೆಸುವುದು ಬೇರೆ. ಶೂಮನ್ ಮೆಲುದನಿಯವನು. ತಾಲೀಮಿನಲ್ಲಿ ತಪ್ಪು ಕೇಳಿಸಿದರೆ ನಿಲ್ಲಿಸಿ, ಯಾಕೆ ನಿಲ್ಲಿಸಿದೆ ಎಂದು ಹೇಳದೆ ಮತ್ತೆ ಮೊದಲಿನಿಂದ ಶುರುಮಾಡುವ ಪೈಕಿ. ಕೋಲು ಕೈಜಾರಿ ಬೀಳುತ್ತಿದ್ದುದರಿಂದ ಅದನ್ನು ದಾರದಿಂದ ಮಣಿಕಟ್ಟಿಗೆ ಕಟ್ಟಿಕೊಂಡು, ಕಂಡುಹಿಡಿದ ಉಪಾಯವನ್ನು ಸ್ನೇಹಿತರಿಗೆ ಖುಷಿಯಿಂದ ತೋರಿಸಿದನಂತೆ. ನಗು ಬರುವ ಕಥೆ ನಿಜ. ಆದರೆ ಅದೇ ಹೊತ್ತಿಗೆ ಗಾಯಕವೃಂದದಲ್ಲಿ ಗೊಣಗಾಟ ಶುರುವಾಗಿತ್ತು, ಸಮಿತಿಯವರ ಮುಖ ಗಂಟಿಕ್ಕಿತ್ತು.

1853ರ ಸರದಿ ಡ್ಯೂಸೆಲ್‌ಡಾರ್ಫ್‌ನದು. ಉತ್ಸವವನ್ನು ಶೂಮನ್ ಒಬ್ಬನೇ ನಡೆಸಲಿಲ್ಲ. ಅವನಿಗಿಂತ ಮುಂಚೆ ಅದೇ ಹುದ್ದೆಯಲ್ಲಿದ್ದ ಫರ್ಡಿನಂಡ್ ಹಿಲ್ಲರ್, ಮತ್ತು ಶೂಮನ್‌ನ ಸಹಾಯಕ ಯೂಲಿಯುಸ್ ಟೌಷ್ ಜೊತೆಗಿದ್ದರು. ಮೊದಲ ದಿನ ಮಾತ್ರ ಶೂಮನ್‌ನದೇ. ಸಿಂಫನಿ, ಅದರ ಹಿಂದೆಯೇ ಹ್ಯಾಂಡೆಲ್‌ನ 'ಮೆಸಾಯ' ಓರಟೋರಿಯೊ.

ಈ ಕ್ರಮವನ್ನು ಗಮನಿಸಬೇಕು. ಸಿಂಫನಿ ಕಛೇರಿಯ ಕಳಶವಾಗಿರಲಿಲ್ಲ, ಬಾಗಿಲಾಗಿತ್ತು. ಅದನ್ನು ಕೊನೆಗಿಟ್ಟು, ಸಭೆಯನ್ನು ಅದರ ಗುಂಗಿನಲ್ಲೇ ಮನೆಗೆ ಕಳಿಸುವ ಪದ್ಧತಿ ಇನ್ನೂ ಬೇರೂರಿರಲಿಲ್ಲ.

ಹೊಸದೆನ್ನಿಸಿಕೊಂಡ ಸಿಂಫನಿ

ಇವತ್ತು ನಾವು ಶೂಮನ್‌ನ ನಾಲ್ಕನೆಯ ಸಿಂಫನಿ ಎಂದು ಕರೆಯುವ ಕೃತಿ ಅವನು ಬರೆದ ಎರಡನೆಯದು. 1841ರಲ್ಲಿ, ಮದುವೆಯಾದ ಮರುವರ್ಷದ ಹುಮ್ಮಸ್ಸಿನಲ್ಲಿ ಹುಟ್ಟಿದ್ದು. ಆ ವರ್ಷದ ಡಿಸೆಂಬರ್ 6ರಂದು ಲೈಪ್‌ಜಿಗ್‌ನ ಗೆವಾಂಟ್‌ಹೌಸ್ ಸಭಾಂಗಣದಲ್ಲಿ ಮೊದಲ ಪ್ರಯೋಗ. ಅಲ್ಲಿನ ವೃಂದದ ನಿರ್ದೇಶಕ ಮೆಂಡೆಲ್ಸನ್ ಊರಿನಲ್ಲಿರಲಿಲ್ಲ, ವೃಂದವನ್ನು ನಡೆಸಿದ್ದು ಫರ್ಡಿನಂಡ್ ಡೇವಿಡ್. ಅದೇ ಸಂಜೆ ಫ್ರಾನ್ಸ್ ಲಿಸ್ಟ್ ಮತ್ತು ಕ್ಲಾರಾ ಶೂಮನ್ ಎರಡು ಪಿಯಾನೊಗಳ ಮುಂದೆ ಒಟ್ಟಿಗೆ ಕೂತರು. ಇನ್ನೇನು ಬೇಕು! ಸಭೆ ಆ ಇಬ್ಬರ ಹಿಂದೆ ಹೋಯಿತು, ಸಿಂಫನಿ ಹಿಂದೆ ಬಿತ್ತು. ಗಂಡನ ಕೃತಿ ಮಂಕಾಗಲು ಹೆಂಡತಿಯ ಬೆರಳುಗಳೂ ಒಂದು ಕಾರಣವಾದದ್ದು ವಿಧಿಯ ಕುಚೋದ್ಯ. ಶೂಮನ್ ಅದನ್ನು ಹತ್ತು ವರ್ಷ ಮುಟ್ಟಲಿಲ್ಲ.

1851ರ ಕೊನೆಯಲ್ಲಿ ಮತ್ತೆ ಕೈಗೆತ್ತಿಕೊಂಡ. ಸಂಗೀತದ ಎಲುಬು ಅದೇ ಉಳಿಯಿತು, ಮೈ ತುಂಬಿಕೊಂಡಿತು. ಮೊದಲ ಆವೃತ್ತಿಯಲ್ಲಿ ಓಬೋ ಒಂದೇ ಹಾಡುತ್ತಿದ್ದ ಕಡೆ ಕ್ಲಾರಿನೆಟ್ ಸೇರಿತು, ಕ್ಲಾರಿನೆಟ್ ಇದ್ದ ಕಡೆ ಪಿಟೀಲುಗಳು ಸೇರಿದವು. ಇಟಾಲಿಯನ್‌ನಲ್ಲಿದ್ದ ಗತಿಸೂಚನೆಗಳು ಜರ್ಮನ್‌ಗೆ ಬಂದವು. ನಾಲ್ಕು ಭಾಗಗಳನ್ನೂ ನಡುವೆ ನಿಲ್ಲಿಸದೆ ಒಂದೇ ಉಸಿರಿನಲ್ಲಿ ನುಡಿಸಬೇಕೆಂಬುದು ಇನ್ನಷ್ಟು ಗಟ್ಟಿಯಾಯಿತು. ಇದನ್ನು ಸಿಂಫನಿ ಎನ್ನಬೇಕೋ 'ಫ್ಯಾಂಟಸಿ' ಎನ್ನಬೇಕೋ ಎಂದು ಅವನೇ ಸ್ವಲ್ಪ ಕಾಲ ತೂಗಿ ನೋಡಿದ್ದುಂಟು. 1853ರ ಮಾರ್ಚ್ 3ರಂದು ಡ್ಯೂಸೆಲ್‌ಡಾರ್ಫ್‌ನಲ್ಲೇ ಹೊಸ ರೂಪದ ಮೊದಲ ಪ್ರಯೋಗವಾಯಿತು. ಮೇ ಉತ್ಸವದ ಹೊತ್ತಿಗೆ ವೃಂದದ ಊರಿನವರಿಗಂತೂ ಅದು ಒಮ್ಮೆ ನುಡಿಸಿದ್ದ ಕೃತಿ.

ಶೂಮನ್‌ಗೆ ವಾದ್ಯಗಳನ್ನು ಹಂಚಲು ಬರುತ್ತಿರಲಿಲ್ಲ, ಅದಕ್ಕೇ ಎಲ್ಲವನ್ನೂ ದಪ್ಪ ಮಾಡಿದ ಎಂದು ಹೇಳುವ ರೂಢಿಯಿದೆ. ನನಗೆ ಇದು ಸೋಮಾರಿ ಮಾತೆನ್ನಿಸುತ್ತದೆ. 1841ರ ರೂಪವೇ ಸಾಕ್ಷಿ: ಅಲ್ಲಿ ಗಾಳಿ ಆಡುತ್ತದೆ, ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಬರುತ್ತಿದ್ದದ್ದನ್ನು ಹತ್ತು ವರ್ಷದಲ್ಲಿ ಯಾರೂ ಮರೆಯುವುದಿಲ್ಲ. ಒಂದೇ ವಾದ್ಯವನ್ನು ನೆಚ್ಚಿಕೊಂಡರೆ, ಆ ಒಬ್ಬ ವಾದಕ ತಡವಾಗಿ ಬಂದರೆ ಕೆಲಸ ಕೆಟ್ಟಿತು. ಇಬ್ಬರಿಗೆ ಕೊಟ್ಟರೆ ಒಬ್ಬನಾದರೂ ಸಮಯಕ್ಕೆ ಬರುತ್ತಾನೆ. ಹವ್ಯಾಸಿಗಳು ಬೆರೆತ ವೃಂದ, ಸನ್ನೆ ಸ್ಪಷ್ಟವಾಗಿ ಕೊಡಲಾರದ ಕಂಡಕ್ಟರ್, ಮತ್ತು ಆ ಕಂಡಕ್ಟರ್ ತಾನೇ ಎಂಬ ಅರಿವು. ಸ್ವರಲಿಪಿಯ ಈ ದಪ್ಪದಲ್ಲಿ ನನಗೆ ಕಾಣುವುದು ಆ ಎಚ್ಚರ.

ಸಿಂಫನಿಯ ಎರಡನೆಯ ಭಾಗ 'ರೊಮಾಂಜೆ' ನಮ್ಮ ಪ್ರಕರಣಕ್ಕೆ ಮುಖ್ಯ. ಓಬೋ ಮತ್ತು ಒಂಟಿ ಚೆಲ್ಲೊ ಸೇರಿ ಹಳೆಯ ಲಾವಣಿಯಂಥ ಒಂದು ರಾಗ ಹಾಡುತ್ತವೆ. ಆಮೇಲೆ ಡಿ ಮೇಜರ್‌ಗೆ ಬೆಳಕು ತಿರುಗಿದಾಗ ವೃಂದದ ಮೊದಲ ಪಿಟೀಲುಗಾರ ಒಬ್ಬನೇ ಎದ್ದು, ಉಳಿದವರು ಹಿಡಿದ ಸ್ವರಗಳ ಸುತ್ತ ಮೂರು ಮೂರರ ಎಣಿಕೆಯಲ್ಲಿ ಬಳ್ಳಿ ಬಿಡಿಸುತ್ತಾನೆ. ಕೆಲವೇ ಬಾರ್‌ಗಳು (ತಾಳದ ಸಣ್ಣ ಆವರ್ತಗಳು), ಅಷ್ಟರಲ್ಲಿ ಮತ್ತೆ ಗುಂಪಿನೊಳಗೆ. ಮೇ 15ರ ಆ ಸಂಜೆ ಡ್ಯೂಸೆಲ್‌ಡಾರ್ಫ್ ಕೇಳಿದ ಒಂಟಿ ಪಿಟೀಲು ಇದಿಷ್ಟೇ. ಸಭೆ ಸಿಂಫನಿಯನ್ನು ಮೆಚ್ಚಿತು. ಕ್ಲಾರಾ ಸಂತೋಷಪಟ್ಟಳು. ಯಾರ ಜೀವನವೂ ಅದರಿಂದ ಬದಲಾಗಲಿಲ್ಲ.

ಹಳೆಯದೆನ್ನಿಸಿಕೊಂಡ ಕನ್ಚೆರ್ಟೊ

ಬೀಥೋವನ್‌ನ ಕನ್ಚೆರ್ಟೊ 1806ರ ಡಿಸೆಂಬರ್ 23ರಂದು ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ, ಫ್ರಾನ್ಸ್ ಕ್ಲೆಮೆಂಟ್ ಎಂಬ ಪಿಟೀಲುಗಾರನ ಸಹಾಯಾರ್ಥ ಕಛೇರಿಯಲ್ಲಿ ಮೊದಲು ಕೇಳಿಸಿತು. ಬರೆದು ಮುಗಿದದ್ದು ಕೊನೆಯ ಗಳಿಗೆಯಲ್ಲಿ ಎನ್ನುತ್ತಾರೆ. ಅದೇ ಕಛೇರಿಯಲ್ಲಿ ಕ್ಲೆಮೆಂಟ್ ಪಿಟೀಲನ್ನು ತಲೆಕೆಳಗಾಗಿ ಹಿಡಿದು ಒಂದೇ ತಂತಿಯ ಮೇಲೆ ತನ್ನದೊಂದು ರಚನೆ ನುಡಿಸುವ ಸರ್ಕಸ್ಸೂ ಇತ್ತು. ಕನ್ಚೆರ್ಟೊ ಬಗ್ಗೆ ಅಂದಿನ ಒಂದು ವಿಮರ್ಶೆ ದೂರಿದ್ದು ಎರಡು: ಎಳೆ ತುಂಡು ತುಂಡಾಗಿದೆ, ಸಾಧಾರಣ ಪಲುಕುಗಳು ಮತ್ತೆ ಮತ್ತೆ ಬಂದು ಬೇಸರ ಹುಟ್ಟಿಸುತ್ತವೆ. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ನುಡಿಸಿದ್ದು ಬಿಟ್ಟರೆ ಮೂವತ್ತೇಳು ವರ್ಷ ಅದು ಮೂಲೆಯಲ್ಲಿತ್ತು.

ಮೂಲೆಯಿಂದ ಎತ್ತಿದ್ದು ಒಬ್ಬ ಹುಡುಗ. 1844ರ ಮೇ 27ರಂದು ಲಂಡನ್‌ನ ಫಿಲ್‌ಹಾರ್ಮೋನಿಕ್ ಸೊಸೈಟಿಯ ಕಛೇರಿಯಲ್ಲಿ, ಮೆಂಡೆಲ್ಸನ್ ವೃಂದ ನಡೆಸಲು, ಇನ್ನೂ ಹದಿಮೂರು ತುಂಬದ ಯೋಸೆಫ್ ಯೋಆಕಿಮ್ ಅದನ್ನು ತನ್ನದೇ ಕಡೆಂಜಾದೊಂದಿಗೆ (ವೃಂದ ಸುಮ್ಮನಿದ್ದು ಏಕವಾದಕ ಒಬ್ಬನೇ ನುಡಿಸುವ ಭಾಗ) ನುಡಿಸಿದ. ಬಾಲಪ್ರತಿಭೆಗಳನ್ನು ವೇದಿಕೆಗೆ ಹತ್ತಿಸಬಾರದೆಂಬ ತನ್ನ ನಿಯಮವನ್ನು ಸೊಸೈಟಿ ಅವನಿಗಾಗಿ ಸಡಿಲಿಸಿತ್ತು. ಅಂದಿನಿಂದ ಈ ಕೃತಿ ಬದುಕಿತು ಎನ್ನಬಹುದು. ಹಾಗಾಗಿ 1853ರಲ್ಲಿ ಡ್ಯೂಸೆಲ್‌ಡಾರ್ಫ್‌ಗೆ ಬಂದ ಕನ್ಚೆರ್ಟೊವಿನ ನಿಜವಾದ ವಯಸ್ಸು 47 ಅಲ್ಲ, ಒಂಬತ್ತು. ಮೊದಲ ದಿನದ 'ಹೊಸ' ಸಿಂಫನಿಗೋ ಹನ್ನೆರಡು ತುಂಬುತ್ತ ಬಂದಿತ್ತು.

ಡ್ಯೂಸೆಲ್‌ಡಾರ್ಫ್‌ನಲ್ಲೂ ಅದನ್ನು ನುಡಿಸಿದವನು ಇದೇ ಯೋಆಕಿಮ್. ಅವನಿಗೆ ಆಗ ಇಪ್ಪತ್ತೊಂದು. ಲೈಪ್‌ಜಿಗ್‌ನಲ್ಲಿ ಮೆಂಡೆಲ್ಸನ್‌ನ ನೆರಳಿನಲ್ಲಿ ಬೆಳೆದು, ವೈಮಾರ್‌ನಲ್ಲಿ ಲಿಸ್ಟ್ ಕೈಕೆಳಗೆ ಮುಂದಾಳು ಪಿಟೀಲುಗಾರನಾಗಿದ್ದು, ಆ ವರ್ಷವಷ್ಟೇ ಹಾನೋವರ್ ಅರಮನೆಯ ನೌಕರಿಗೆ ಸೇರಿದ್ದ. ಶೂಮನ್ ದಂಪತಿಗೆ ಅವನು ಚಿಕ್ಕಂದಿನಿಂದ ಗೊತ್ತು. ಆದರೆ ಮೇ 17ರ ಸಂಜೆ ಅವರು ಕೇಳಿದ್ದು ಆ ಹುಡುಗನನ್ನಲ್ಲ. ಇಂಥ ಪಿಟೀಲನ್ನು ತಾನು ಹಿಂದೆಂದೂ ಕೇಳಿರಲಿಲ್ಲ, ಒಂದೊಂದು ಸ್ವರದಲ್ಲೂ ಅವನ ಆತ್ಮವಿತ್ತು ಎಂಬರ್ಥದಲ್ಲಿ ಕ್ಲಾರಾ ಡೈರಿಯಲ್ಲಿ ಬರೆದುಕೊಂಡಳು. ಅದೇ ಸಂಜೆ ಅವಳು ಗಂಡನ ಪಿಯಾನೊ ಕನ್ಚೆರ್ಟೊ ನುಡಿಸಿದ್ದಳು, ಉತ್ಸವಕ್ಕೆಂದೇ ಅವನು ಬರೆದ ಓವರ್ಚರ್ ಕೂಡ ಇತ್ತು. ಅವಳ ಲೆಕ್ಕದಲ್ಲಿ ಆ ಸಂಜೆಯ ಕಿರೀಟ ಯೋಆಕಿಮ್‌ನದು.

ಅವನು ನುಡಿಸಿದ ಆ ಸಂಗೀತದಲ್ಲಿ ಅಂಥದ್ದೇನಿದೆ? ಆರಂಭವೇ ವಿಚಿತ್ರ. ಟಿಂಪನಿ ಎಂಬ ನಗಾರಿಯ ಮೇಲೆ ಮೆಲ್ಲಗೆ ಐದು ಪೆಟ್ಟು, ಎಲ್ಲವೂ ಡಿ ಸ್ವರ. ಆಮೇಲೆ ಓಬೋ, ಕ್ಲಾರಿನೆಟ್, ಬಸೂನ್‌ಗಳ ಹಾಡು. ಹತ್ತನೆಯ ಬಾರ್‌ನಲ್ಲಿ ಪಿಟೀಲುಗಳು ಅದೇ ಪೆಟ್ಟುಗಳನ್ನು ಡಿ-ಶಾರ್ಪ್‌ನಲ್ಲಿ ನುಡಿಸುತ್ತವೆ. ಹಿಂದುಮುಂದಿನ ಯಾವುದಕ್ಕೂ ಹೊಂದದ ಸ್ವರ, ಕಾರಣ ಹೇಳದೆ ಬಂದು ಹೋಗುತ್ತದೆ. ಏಕವಾದಕ ಮೂರು ನಿಮಿಷ ಸುಮ್ಮನೆ ನಿಂತಿರಬೇಕು. 89ನೆಯ ಬಾರ್‌ನಲ್ಲಿ ಅವನ ಪ್ರವೇಶ, ಅದೂ ರಾಗವಿಲ್ಲದೆ, ಏರುವ ಅಷ್ಟಕಗಳ (ಒಂದು ಸ್ಥಾಯಿಯ ಅಂತರದ ಸ್ವರಜೋಡಿಗಳ) ಮೆಟ್ಟಿಲಿನಲ್ಲಿ.

ಇದರ ಗುಟ್ಟು ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಬೇಗ ಸಿಕ್ಕೀತು. ನಮ್ಮಲ್ಲಿ ಪಿಟೀಲು ಬಹುಪಾಲು ಪಕ್ಕವಾದ್ಯ: ಗಾಯಕನ ನೆರಳು ಹಿಡಿದು, ಅವನು ಬಿಟ್ಟ ಜಾಗ ತುಂಬಿ, ಅವನ ಸಾಲಿಗೆ ಒಪ್ಪ ಕೊಡುವುದು. ಬೀಥೋವನ್ ತನ್ನ ನಾಯಕವಾದ್ಯಕ್ಕೆ ಕೊಟ್ಟ ಕೆಲಸವೂ ಬಹುತೇಕ ಇದೇ. ಮುಖ್ಯ ರಾಗಗಳನ್ನು ಹೆಚ್ಚಾಗಿ ಕ್ಲಾರಿನೆಟ್, ಬಸೂನ್ ಹಾಡುತ್ತವೆ, ಪಿಟೀಲು ಅವುಗಳ ಮೇಲೆ, ಸುತ್ತ, ಸಂದಿಯಲ್ಲಿ ಓಡಾಡುತ್ತದೆ. ನಿಧಾನದ ಎರಡನೆಯ ಭಾಗದಲ್ಲಿ ಟಿಂಪನಿ ಇಲ್ಲ, ಟ್ರಂಪೆಟ್ ಇಲ್ಲ, ಕೊಳಲಿಲ್ಲ, ಓಬೋ ಕೂಡ ಇಲ್ಲ; ದನಿ ತಗ್ಗಿಸಿದ ತಂತಿವಾದ್ಯಗಳ ಮೇಲೆ ಪಿಟೀಲು ಅಲಂಕಾರವನ್ನಷ್ಟೇ ಬರೆಯುತ್ತದೆ. ವೇಗ, ಗತ್ತು, ಚಪ್ಪಾಳೆಯ ಜಾಗಗಳನ್ನು ಹುಡುಕುವ ವಾದಕನಿಗೆ ಇಲ್ಲಿ ಸಾಮಗ್ರಿ ಕಡಿಮೆ. ವಿಯೆನ್ನಾದ ವಿಮರ್ಶಕನಿಗೆ ಸಾಧಾರಣವೆನ್ನಿಸಿದ ಪಲುಕುಗಳು ಇವೇ. ನಾಯಕನಾಗಿದ್ದೂ ಹಿಂದೆ ಸರಿದು ನಿಲ್ಲಬಲ್ಲವನು ಸಿಕ್ಕಾಗ ಅವೇ ಪಲುಕುಗಳು ಬೇರೆಯಾದವು.

ಎರಡು ದಿನ ಮುಂಚೆ ತನ್ನ ಸಿಂಫನಿಯಲ್ಲಿ ಒಂಟಿ ಪಿಟೀಲಿಗೆ ಶೂಮನ್ ಕೊಟ್ಟದ್ದೂ ಇದೇ ಬಗೆಯ ಕೆಲಸ, ಬೇರೆಯವರ ರಾಗದ ಸುತ್ತ ಬಳ್ಳಿ ಬಿಡಿಸುವುದು. ಅಲ್ಲಿ ಅದು ಕೆಲವು ಬಾರ್‌ಗಳ ಚೆಲುವು. ಇಲ್ಲಿ ಮುಕ್ಕಾಲು ಗಂಟೆ ಅದರ ಮೇಲೇ ನಿಂತಿತ್ತು. ಪಿಯಾನೊದ ಮನುಷ್ಯನಾದ ಶೂಮನ್‌ಗೆ ಪಿಟೀಲು ಆ ಸಂಜೆ ಬೇರೆಯಾಗಿ ಕೇಳಿಸಿರಬೇಕು ಎಂದು ನಾನು ಊಹಿಸಲು ಮುಂದಿನ ನಾಲ್ಕು ತಿಂಗಳು ಕಾರಣ.

ಜೂನ್‌ನಿಂದ ಫೆಬ್ರವರಿ

ಹಾನೋವರ್‌ಗೆ ಮರಳಿದ ಯೋಆಕಿಮ್ ಜೂನ್ ಮೊದಲ ವಾರದಲ್ಲಿ ಶೂಮನ್‌ಗೆ ಪತ್ರ ಬರೆದ. ಬೀಥೋವನ್‌ನ ಮಾದರಿ ನಿಮ್ಮನ್ನು ಪ್ರೇರಿಸಲಿ, ಬಡ ಪಿಟೀಲುಗಾರರಾದ ನಮಗಾಗಿ ನಿಮ್ಮ ಆಳದ ಗಣಿಯಿಂದ ಏನನ್ನಾದರೂ ಹೊರತೆಗೆಯಿರಿ ಎಂಬುದು ಅದರ ತಾತ್ಪರ್ಯ. ಸಿಂಫನಿ ಇನ್ನೊಂದು ಬರೆಯಿರಿ ಎಂದು ಯಾರೂ ಕೇಳಲಿಲ್ಲ, ಶೂಮನ್ ಬರೆಯಲೂ ಇಲ್ಲ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಪಿಟೀಲು ಮತ್ತು ವೃಂದಕ್ಕೆಂದು 'ಫ್ಯಾಂಟಸಿ', ಓಪಸ್ (ಕೃತಿಸಂಖ್ಯೆ) 131. ಸೆಪ್ಟೆಂಬರ್ 21ರಿಂದ ಅಕ್ಟೋಬರ್ 3ರೊಳಗೆ ಡಿ ಮೈನರ್‌ನಲ್ಲಿ ಪೂರ್ಣ ಪಿಟೀಲು ಕನ್ಚೆರ್ಟೊ. ಅದರ ಕೆಲಸ ನಡೆಯುತ್ತಿರುವಾಗಲೇ, ಯೋಆಕಿಮ್ ಹೇಳಿ ಕಳಿಸಿದ ಇಪ್ಪತ್ತು ವರ್ಷದ ಯೊಹಾನೆಸ್ ಬ್ರಾಮ್ಸ್ ಬಂದು ಬಾಗಿಲು ತಟ್ಟಿದ. ಅಕ್ಟೋಬರ್ 27ರಂದು ಯೋಆಕಿಮ್ ಡ್ಯೂಸೆಲ್‌ಡಾರ್ಫ್‌ನಲ್ಲಿ 'ಫ್ಯಾಂಟಸಿ' ನುಡಿಸಿದ, ವೃಂದ ನಡೆಸಿದ್ದು ಶೂಮನ್. ಆ ಊರಿನಲ್ಲಿ ಅವನು ಕೋಲು ಹಿಡಿದ ಕೊನೆಯ ಕಛೇರಿ ಅದು. ನವೆಂಬರಿನಲ್ಲಿ ಸಮಿತಿಯವರು ಬಂದು, ಇನ್ನು ಮುಂದೆ ನಿಮ್ಮ ಸ್ವಂತ ಕೃತಿಗಳನ್ನು ಮಾತ್ರ ನೀವು ನಡೆಸಿ, ಉಳಿದದ್ದನ್ನು ಟೌಷ್ ನೋಡಿಕೊಳ್ಳಲಿ ಎಂದರು. ಶೂಮನ್ ದಂಪತಿ ಅದನ್ನು ಅವಮಾನವೆಂದೇ ಭಾವಿಸಿದರು.

1854ರ ಜನವರಿಯಲ್ಲಿ ಹಾನೋವರ್‌ನಲ್ಲಿ ಯೋಆಕಿಮ್ ಅರಮನೆಯ ವೃಂದದೊಂದಿಗೆ ಹೊಸ ಕನ್ಚೆರ್ಟೊವನ್ನು ಒಮ್ಮೆ ನುಡಿಸಿ ನೋಡಿದ. ಸರಿಹೋಗಲಿಲ್ಲ. ವೃಂದ ನಡೆಸಿ ನಡೆಸಿ ತನ್ನ ಕೈ ದಣಿದಿತ್ತು, ಈಗಾದರೆ ಚೆನ್ನಾಗಿ ನುಡಿಸುತ್ತೇನೆ ಎಂದು ಆ ವರ್ಷದ ನವೆಂಬರಿನಲ್ಲಿ ಅವನೇ ಶೂಮನ್‌ಗೆ ಬರೆದ. ಆ ಪತ್ರ ಹೋದದ್ದು ಬಾನ್ ಬಳಿಯ ಎಂಡೆನಿಖ್ ಮಾನಸಿಕ ಚಿಕಿತ್ಸಾಲಯಕ್ಕೆ. ಫೆಬ್ರವರಿ 17ರ ರಾತ್ರಿ ದೇವದೂತರು ಹೇಳಿಕೊಟ್ಟರೆಂದು ಶೂಮನ್ ಒಂದು ರಾಗ ಬರೆದಿಟ್ಟಿದ್ದ. ಅದು ಅವನದೇ ಪಿಟೀಲು ಕನ್ಚೆರ್ಟೊವಿನ ನಿಧಾನ ಭಾಗದ ರಾಗಕ್ಕೆ ತೀರ ಹತ್ತಿರ, ಅವನಿಗೆ ಗುರುತು ಹತ್ತಿರಲಿಲ್ಲ. ಹತ್ತು ದಿನದ ಮೇಲೆ ರೈನ್ ನದಿಗೆ ಹಾರಿದ, ದೋಣಿಯವರು ಎತ್ತಿದರು. 1856ರ ಜುಲೈ 29ರಂದು ಎಂಡೆನಿಖ್‌ನಲ್ಲೇ ತೀರಿಕೊಂಡ.

ಬೀಗ ಹಾಕಿದವರು

ಕ್ಲಾರಾ, ಯೋಆಕಿಮ್, ಬ್ರಾಮ್ಸ್ ಮೂವರೂ ಸೇರಿ ಕನ್ಚೆರ್ಟೊವನ್ನು ಅಚ್ಚಿಗೆ ಕೊಡದಿರಲು ನಿರ್ಧರಿಸಿದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ರೋಗದ ನೆರಳು ಬಿದ್ದ ಕೃತಿಯಿಂದ ಶೂಮನ್‌ನ ಹೆಸರಿಗೆ ಕುಂದು ಬಂದೀತೆಂಬ ಭಯ ಸಹಜ. 1898ರಲ್ಲಿ ಯೋಆಕಿಮ್ ತನ್ನ ಜೀವನಚರಿತ್ರೆಕಾರನಿಗೆ ಬರೆದ ಪತ್ರದಲ್ಲಿ ಅಲ್ಲಲ್ಲಿ ಚೆಲುವಿದೆ, ಆದರೆ ದಣಿದ ಮನಸ್ಸು ತನ್ನ ಕೊನೆಯ ಶಕ್ತಿಯನ್ನು ಹಿಂಡಿಕೊಳ್ಳುವುದು ಕಾಣುತ್ತದೆ ಎಂಬ ಧಾಟಿಯ ತೀರ್ಪು ಕೊಟ್ಟ. 1854ರಲ್ಲಿ ದಣಿದದ್ದು ತನ್ನ ಕೈ ಎಂದಿದ್ದವನು 44 ವರ್ಷದ ಮೇಲೆ ದಣಿವನ್ನು ಕೃತಿಗೆ ದಾಟಿಸಿದ. ಈ ಎರಡು ಪತ್ರಗಳಲ್ಲಿ ಮೊದಲನೆಯದನ್ನೇ ನಾನು ಹೆಚ್ಚು ನಂಬುತ್ತೇನೆ. ಅದು ಸ್ವರಲಿಪಿ ಎದುರಿಗಿದ್ದಾಗ, ಶೂಮನ್ ಬದುಕಿದ್ದಾಗ ಬರೆದದ್ದು.

ಯೋಆಕಿಮ್ 1907ರಲ್ಲಿ ತೀರಿಕೊಂಡ ಮೇಲೆ ಹಸ್ತಪ್ರತಿ ಬರ್ಲಿನ್‌ನ ಪ್ರಷ್ಯನ್ ರಾಜ್ಯ ಗ್ರಂಥಾಲಯ ಸೇರಿತು, ಶೂಮನ್ ಸತ್ತು ನೂರು ವರ್ಷವಾಗುವವರೆಗೆ, ಅಂದರೆ 1956ರವರೆಗೆ, ಹೊರತರಕೂಡದೆಂಬ ಷರತ್ತಿನೊಂದಿಗೆ. ಷರತ್ತು ಮುರಿದ ಕಥೆಯಲ್ಲಿ ಪ್ರೇತವೂ ಇದೆ, ಸರ್ಕಾರವೂ ಇದೆ. ಯೋಆಕಿಮ್‌ನ ಸಹೋದರಿಯ ಮೊಮ್ಮಗಳು, ಪಿಟೀಲುಗಾರ್ತಿ ಯೆಲಿ ದ'ಅರಾನ್ಯಿ, 1933ರಲ್ಲಿ ಲಂಡನ್‌ನಲ್ಲಿ ಆತ್ಮಗಳನ್ನು ಕರೆಯುವ ಕೂಟದಲ್ಲಿ ಶೂಮನ್‌ನೇ ಬಂದು ಕೃತಿಯನ್ನು ಹುಡುಕಿ ನುಡಿಸು ಎಂದನೆಂದು ಹೇಳಿದಳು. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ನಾಜಿ ಸರ್ಕಾರದ ಆಸಕ್ತಿಗೆ ಮಾತ್ರ ಆತ್ಮದ ಹಂಗಿರಲಿಲ್ಲ: ಯೆಹೂದಿ ಮೂಲದವನೆಂದು ಮೆಂಡೆಲ್ಸನ್‌ನ ಪಿಟೀಲು ಕನ್ಚೆರ್ಟೊವನ್ನು ನಿಷೇಧಿಸಿದ್ದ ಅವರಿಗೆ ಆ ಜಾಗಕ್ಕೆ ಒಂದು 'ಜರ್ಮನ್' ಕನ್ಚೆರ್ಟೊ ಬೇಕಿತ್ತು. 1937ರ ನವೆಂಬರ್ 26ರಂದು ಬರ್ಲಿನ್‌ನಲ್ಲಿ ಗೇಯೋರ್ಗ್ ಕೂಲೆನ್‌ಕಾಂಪ್ಫ್ ಅದನ್ನು ಮೊದಲ ಸಲ ನುಡಿಸಿದ. ಶೂಮನ್‌ಗೆ ಆ ಪಿಟೀಲಿನ ಹುಚ್ಚು ಹಿಡಿಸಿದ ಯೋಆಕಿಮ್ ಯೆಹೂದಿ ಮನೆಯಲ್ಲಿ ಹುಟ್ಟಿದವನೆಂಬುದನ್ನು ಅಂದು ವೇದಿಕೆಯ ಮೇಲೆ ಯಾರೂ ನೆನೆಸಿರಲಾರರು. ಮುಂದಿನ ತಿಂಗಳು ಅಮೆರಿಕದಲ್ಲಿ ನುಡಿಸಿದವನು ಯೆಹುದಿ ಮೆನುಹಿನ್ ಎಂಬ ಹೆಸರಿನ ಪಿಟೀಲುಗಾರ. ಮುಂದೆ ನಮ್ಮ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರ ಬಳಿ ಯೋಗ ಕಲಿತ ಅದೇ ಮೆನುಹಿನ್.

ಬ್ರಾಮ್ಸ್‌ನ ಎರಡು ಉತ್ತರ

ಸಿಂಫನಿಯ ಪಾಡೇನಾಯಿತು ಎಂದು ಕೇಳಬಹುದು. 1853ರಲ್ಲೇ ಅಚ್ಚಾಗಿ, ದಪ್ಪ ರೂಪದಲ್ಲೇ ಲೋಕ ಸುತ್ತಿತು. 1841ರ ತೆಳುರೂಪವೇ ಮೇಲೆಂದು ನಂಬಿದ್ದ ಬ್ರಾಮ್ಸ್ ಅದನ್ನು 1891ರಲ್ಲಿ ಪ್ರಕಟಿಸುವಂತೆ ಮಾಡಿದ, ಕ್ಲಾರಾಗೆ ಕೋಪ ಬಂತು. ಶೂಮನ್‌ನ ಒಂದು ಕೃತಿಯನ್ನು ಅಡಗಿಸಲು ಜೊತೆಗೂಡಿದವನು, ಅವನೇ ಬದಿಗಿಟ್ಟಿದ್ದ ಇನ್ನೊಂದನ್ನು ಅವನ ಹೆಂಡತಿಯ ಮನಸ್ಸಿಗೆ ವಿರುದ್ಧವಾಗಿ ಹೊರತಂದ. ತೆಳುರೂಪದ ವಿಷಯದಲ್ಲಿ ನನ್ನ ಓಟು ಬ್ರಾಮ್ಸ್‌ಗೆ, ಕೊನೆಯ ಭಾಗಕ್ಕೆ ಹೋಗುವ ಹಿತ್ತಾಳೆ ವಾದ್ಯಗಳ ಆ ಕತ್ತಲ ಸೇತುವೆಯೊಂದನ್ನು ಬಿಟ್ಟು. ಅಲ್ಲಿ ದಪ್ಪವೇ ಬೇಕು.

ಇನ್ನು ಕನ್ಚೆರ್ಟೊ. ಬ್ರಾಮ್ಸ್ ತನ್ನ ಪಿಟೀಲು ಕನ್ಚೆರ್ಟೊವನ್ನು ಯೋಆಕಿಮ್‌ಗಾಗಿ 1878ರಲ್ಲಿ ಬರೆದ, ಅದೂ ಡಿ ಮೇಜರ್‌ನಲ್ಲೇ. 1879ರ ಜನವರಿ 1ರಂದು ಗೆವಾಂಟ್‌ಹೌಸ್‌ನಲ್ಲಿ ಅದರ ಮೊದಲ ಪ್ರಯೋಗ. ಅಂದಿನ ಕಛೇರಿಯನ್ನು ಬೀಥೋವನ್‌ನ ಕನ್ಚೆರ್ಟೊದಿಂದ ಆರಂಭಿಸಿ ಬ್ರಾಮ್ಸ್‌ನದರಿಂದ ಮುಗಿಸಬೇಕೆಂದು ಯೋಆಕಿಮ್ ಹಟ ಹಿಡಿದ, ಎರಡನ್ನೂ ತಾನೇ ನುಡಿಸಿದ. ಡಿ ಮೇಜರ್ ಸ್ವಲ್ಪ ಹೆಚ್ಚೇ ಆಯಿತು ಎಂದು ಬ್ರಾಮ್ಸ್ ಗೊಣಗಿದ.